ಕೂಲಂಕಷ

ಪ್ರೌಢಶಾಲೆಯ ಕನ್ನಡ ಪಾಠಗಳ ಕೊನೆಯಲ್ಲಿ ಕಠಿನಪದಗಳ ಅರ್ಥವನ್ನು ಕೊಟ್ಟು, ಅವನ್ನು ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರೆಂದು ವಿದ್ಯಾರ್ಥಿಗಳಿಗೆ ವಿಧಿಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಂತಹ ಪಟ್ಟಿಯಲ್ಲಿ ‘ಕೂಲಂಕಷ’ ಎಂಬ ಪದವೇನಾದರೂ ಬಂದಿತೆಂದರೆ, ಅದರ ಎದುರಿಗೆ ‘ಸಂಪೂರ್ಣ’ ಎಂದೋ ‘ಸಮಗ್ರ’ ಎಂದೋ ಅಚ್ಚಾಗಿರುತ್ತದೆ. ವಿದ್ಯಾರ್ಥಿಯು ‘ಅಧಿಕಾರಿಗಳು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದರು’ ಎಂದು ಬರೆಯುತ್ತಾನೆ. ಉಪಾಧ್ಯಾಯರು ಸರಿಯೆಂದು ಗುರುತು ಹಾಕುತ್ತಾರೆ. ಅಲ್ಲಿಗೆ ಆ ಪದದ ಶಿಕ್ಷಣವು ಮುಗಿಯುತ್ತದೆ. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಅರ್ಥದೋಷವೂ ಇಲ್ಲ. ಆದರೆ ಅದೇ ವಿದ್ಯಾರ್ಥಿಗೆ ಯಾವುದಾದರೊಂದು ವಿಚಾರಣೆಯ ವೃತ್ತಾಂತವನ್ನು ಓದಲು ಕೊಟ್ಟು, ಇದು ಕೂಲಂಕಷವಾಗಿತ್ತೆ, ಆಗಿರದಿದ್ದರೆ ಕೊರತೆಯಾದುದೆಲ್ಲಿ ಎಂದು ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ. ಕಮಲವೆಂಬ ಪದವನ್ನು ಕಲಿಸಲು ಒಂದು ಕಮಲವನ್ನು ತೋರಿಸಿದರೆ ಸಾಕು. ಬುದ್ಧಿಯ ವ್ಯಾಪಾರವೊಂದನ್ನು, ಅದರಲ್ಲಿಯೂ ಸೂಕ್ಷ್ಮಪರಿಶೀಲನೆಯಂತಹ ಕಷ್ಟಸಾಧ್ಯವಾದ ವ್ಯಾಪಾರವನ್ನು ಹೇಳತಕ್ಕ ಪದವನ್ನು ಕಲಿತವನೆನ್ನಿಸಿಕೊಳ್ಳಬೇಕಾದರೆ, ಆ ಪದಕ್ಕೆ ಅರ್ಹವಾದ ಕೆಲಸವಾವುದು, ಅರ್ಹವಲ್ಲದ ಕೆಲಸವಾವುದು ಎಂದು ನಿರ್ಣಯಿಸುವ ಶಕ್ತಿಯೂ ಅದರೊಡನೆಯೇ ಬಂದಿರಬೇಕು. ಅದು ಬರುವವರೆಗೆ ಪದವು ನಾಲಗೆಗೆ ಬಂದಿದೆಯೇ ಹೊರತು ಬುದ್ಧಿಗೆ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

ಶಾಲೆಯಿಂದ ಹೊರಗೆ ಈ ಪದದ ಸಂಚಾರವಿರುವುದು ಬಹುಮಟ್ಟಿಗೆ ಕಛೇರಿಗಳ ಕಡತಗಳಲ್ಲಿ, ಸಭೆಗಳ ನಿರ್ಣಯಗಳಲ್ಲಿ, ವರ್ತಮಾನಪತ್ರಿಕೆಗಳ ಅಂಕಣಗಳಲ್ಲಿ. ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂಬ ಆಶ್ವಾಸನೆಯನ್ನು ಒಮ್ಮೆಯಾದರೂ ಪಡೆಯದ ಅರ್ಜಿದಾರನು ನಮ್ಮ ನಾಡಿನಲ್ಲಿ ವಿರಳ. ಪೂಜೆಯ ಹೊತ್ತಿನಲ್ಲಿ ವಸ್ತ್ರವಿಲ್ಲದಿದ್ದರೆ, ಆಭರಣವಿಲ್ಲದಿದ್ದರೆ, ಅದಕ್ಕೆ ಬದಲಾಗಿ ನಾಲ್ಕು ಕಾಳು ಅಕ್ಷತೆಯನ್ನು ಸಮರ್ಪಿಸಿ ಪುರೋಹಿತರು ಮುಂದಕ್ಕೆ ಸಾಗುವುದುಂಟಷ್ಟೆ. ಈ ವಾಕ್ಯದಲ್ಲಿ ಕೂಲಂಕಷವೆಂಬುದು ಅಂತಹ ಅಕ್ಷತೆಯಾಗಿ ಪರಿಣಮಿಸಿದೆ. ಯಾವ ಪರಿಶೀಲನೆ ನಡೆಯಬೇಕಾಗಿತ್ತೋ ಅದರ ಸ್ಥಾನದಲ್ಲಿ ಪದವನ್ನು ಇಟ್ಟು ಕೈಮುಗಿದದ್ದಾಯಿತು. ಈಚೆಗೆ ಅಚ್ಚಿನಲ್ಲಿ ‘ಕೂಲಂಕುಷ’ ಎಂಬ ರೂಪವೂ ಧಾರಾಳವಾಗಿ ಕಣ್ಣಿಗೆ ಬೀಳುತ್ತಿದೆ. ಅಂಕುಶದ ನೆನಪಿನಿಂದ ಈ ಉಕಾರವು ನುಸುಳಿತೋ ಏನೋ. ಮಾವುತನ ಅಂಕುಶಕ್ಕೆ ಅಂಜಿ ನಡೆಯುವ ಪರಿಶೀಲನೆಗಳಿಗೆ ಈ ತಪ್ಪು ರೂಪವೇ ಒಪ್ಪುತ್ತದೆಯೆಂದು ಹಾಸ್ಯಕ್ಕೆ ಹೇಳಬಹುದಾದರೂ, ಪದದ ಒಡಲಿನಲ್ಲಿರುವ ಕ್ರಿಯೆ ಯಾವುದೆಂಬುದನ್ನು ಬರೆಯುವವನು ಮರೆತಿದ್ದಾನೆಂಬುದಕ್ಕೆ ಇದೊಂದು ಸಾಕ್ಷಿ.

ಆ ಕ್ರಿಯೆ ‘ಕಷ್’, ಎಂದರೆ ಉಜ್ಜುವುದು, ತೀಡುವುದು, ಕೆರೆಯುವುದು. ‘ಕೂಲ’ವೆಂದರೆ ನದಿಯ ದಡ. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, 42ನೆಯ ಸೂತ್ರದಲ್ಲಿ, ಈ ಧಾತುವು ಸರ್ವ, ಕೂಲ, ಅಭ್ರ, ಕರೀಷ ಎಂಬ ನಾಲ್ಕು ಪದಗಳೊಡನೆ ಕೂಡಿದಾಗ ಬರುವ ಪ್ರತ್ಯಯವನ್ನು ವಿಧಿಸಿದ್ದಾನೆ. ಕಾಶಿಕಾವೃತ್ತಿಕಾರರು ಅದಕ್ಕೆ ಕೊಡುವ ಉದಾಹರಣೆಗಳು ವ್ಯಾಕರಣದ ಆಚೆಗೂ ಯೋಚನೆಗೆ ವಿಷಯವಾಗತಕ್ಕವು: ಎಲ್ಲವನ್ನೂ ಕೆರೆಯುವವನು ದುರ್ಜನ, ಆದುದರಿಂದ ಅವನು ಸರ್ವಂಕಷ, ದಡವನ್ನು ತೀಡುವುದು ನದಿ, ಆದುದರಿಂದ ಅದು ಕೂಲಂಕಷೆ, ಮುಗಿಲನ್ನು ಉಜ್ಜುವಷ್ಟು ಎತ್ತರವಾದ ಬೆಟ್ಟವು ಅಭ್ರಂಕಷ, ಒಣಗಿದ ಸಗಣಿಯನ್ನು ಸವರಿ ಎಬ್ಬಿಸಿಕೊಂಡು ಹೋಗುವ ಸುಂಟರಗಾಳಿಯು ಕರೀಷಂಕಷೆ. ಖಲನಿಗೂ ನದಿಗೂ ಒಂದೇ ಸೂತ್ರದಲ್ಲಿ ಆಸನವನ್ನು ಹಾಕಿಕೊಟ್ಟ ವೈಯಾಕರಣರಿಗೆ ವಿನೋದದ ಉದ್ದೇಶವಿದ್ದಿರಲಾರದು. ಆದರೆ ಎಲ್ಲವನ್ನೂ ಕೆರೆಯುವುದಕ್ಕೂ ತನ್ನ ದಡಗಳನ್ನು ಮಾತ್ರ ತೀಡುವುದಕ್ಕೂ ಅವರು ಕಾಣಿಸಿದ ಭೇದವು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು ‘ನಿಕಷ’. ಅಕ್ಕಸಾಲಿಗನು ಚಿನ್ನವನ್ನು ತೀಡಿ ನೋಡುವ ಒರೆಗಲ್ಲು ಅದು. ಕನ್ನಡದ ‘ಒರೆ’ಗೂ ಉಜ್ಜುವುದೆಂದೇ ಅರ್ಥ, ಮಾತನ್ನು ಒರೆಗೆ ಹಚ್ಚುತ್ತೇವೆ, ಮನುಷ್ಯನನ್ನು ಒರೆಗೆ ಹಚ್ಚುತ್ತೇವೆ. ಹೀಗೆ ತಿಕ್ಕುವುದರಿಂದಲೇ ತಿಳಿವು ಹುಟ್ಟುತ್ತದೆಂಬ ಭಾವನೆ ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾನವಾಗಿದೆ. ಪರಿಶೀಲನೆಯನ್ನು ಸೂಚಿಸುವ ನಮ್ಮ ಉಳಿದ ಪದಗಳನ್ನು ಇದರ ಪಕ್ಕದಲ್ಲಿ ನಿಲ್ಲಿಸಿದರೆ ಪ್ರತಿಯೊಂದೂ ತನ್ನದೇ ಆದ ಒಂದು ಚೇಷ್ಟೆಯಿಂದ ಹುಟ್ಟಿರುವುದು ಕಾಣುತ್ತದೆ: ಪರೀಕ್ಷೆಯು ಸುತ್ತಲೂ ನೋಡುವುದು, ವಿಚಾರವು ನಡೆದಾಡುವುದು, ವಿವೇಚನೆಯು ಬೇರ್ಪಡಿಸುವುದು, ವಿಮರ್ಶೆಯು ಕೈಯಿಂದ ಮುಟ್ಟುವುದು. ಇವುಗಳಲ್ಲಿ ಕಣ್ಣಿನ ಪದವು ದೂರ ನಿಂತು ಮಾಡುವ ಕೆಲಸವನ್ನು ಸೂಚಿಸುವುದಾದರೆ, ಕೂಲಂಕಷದಲ್ಲಿ ದೂರವೆಂಬುದೇ ಇಲ್ಲ. ತೀಡುವ ವಸ್ತು, ತೀಡಿಸಿಕೊಳ್ಳುವ ವಸ್ತು ಎರಡೂ ಆ ಘರ್ಷಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಸವೆಯುತ್ತವೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಶಬ್ದದ ಹುಟ್ಟನ್ನು ಹಿಡಿದುಕೊಂಡು ಅದರ ಇಂದಿನ ಅರ್ಥವನ್ನು ಕಟ್ಟಿಹಾಕುವುದು ನ್ಯಾಯವೆ? ಯೋಗಕ್ಕಿಂತ ರೂಢಿಯೇ ಬಲವತ್ತರವೆಂದು ನಮ್ಮ ಶಾಸ್ತ್ರಕಾರರೇ ಒಪ್ಪಿದ್ದಾರಲ್ಲವೆ? ಆಕ್ಷೇಪಣೆ ಯುಕ್ತವಾದುದು, ಇದಕ್ಕೆ ಹಿಂದಿನವರ ಒಂದು ಸ್ವಾರಸ್ಯವಾದ ವಾದವೂ ಉಂಟು. ‘ಕುಶಲ’ನೆಂಬ ಮಾತಿಗೆ ದರ್ಭೆಯನ್ನು ಕೊಯ್ಯುವವನೆಂಬುದು ಮೂಲಾರ್ಥವಾದ್ದರಿಂದ, ನಿಪುಣನೆಂಬ ಅರ್ಥವು ಲಕ್ಷಣೆಯಿಂದ ಬಂದುದೆಂದು ಕಾಶ್ಮೀರದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿದನು. ಅವನ ತರುವಾಯ ಬಂದ ಕಳಿಂಗದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಇದನ್ನು ಒಪ್ಪಲಿಲ್ಲ. ಶಬ್ದದ ವ್ಯುತ್ಪತ್ತಿಗೆ ನಿಮಿತ್ತವಾದುದು ಬೇರೆ, ಅದರ ಪ್ರವೃತ್ತಿಗೆ ನಿಮಿತ್ತವಾದುದು ಬೇರೆ. ಹಾಗಲ್ಲವೆಂದರೆ, ‘ಗೋ’ ಶಬ್ದವು ಹೋಗುವುದೆಂಬ ಅರ್ಥದ ಧಾತುವಿನಿಂದ ಬಂದಿರುವ ಕಾರಣ, ಹಸು ಮಲಗಿದೆಯೆಂದು ಹೇಳುವಾಗಲೆಲ್ಲ ನಾವು ಲಕ್ಷಣೆಯ ಮೊರೆಹೋಗಬೇಕಾದೀತು ಎಂದು ಅವನ ಪರಿಹಾಸ್ಯಮಿಶ್ರಿತವಾದ ಉತ್ತರ. ಹಸುವಿಗೆ ಮಲಗುವ ಸ್ವಾತಂತ್ರ್ಯವನ್ನು ಉಳಿಸಿಕೊಟ್ಟ ಈ ಆಲಂಕಾರಿಕನ ಪಕ್ಷವೇ ನನ್ನದೂ. ಕೂಲಂಕಷಕ್ಕೆ ಕನ್ನಡದಲ್ಲಿ ‘ಪೂರ್ಣವಾಗಿ ಪರಿಶೀಲಿಸಿದ’ ಎಂಬ ಅರ್ಥವು ರೂಢಿಯಿಂದ ಸಿದ್ಧವಾಗಿದೆ. ತೆಲುಗು ಮಲಯಾಳಗಳಲ್ಲಿಯೂ ಅದು ಇದೇ ದಾರಿಯನ್ನು ಹಿಡಿದಿದೆ. ಇದನ್ನು ಅಳಿಸಿ ಮತ್ತೆ ನದಿಯೆಂಬ ಅರ್ಥವನ್ನು ಪ್ರತಿಷ್ಠಿಸುವ ಆಸೆ ಯಾರಿಗೂ ಬೇಡ. ಆದರೆ ರೂಢಿಯು ಒಂದು ಅರ್ಥವನ್ನು ಸ್ಥಾಪಿಸುವಂತೆಯೇ, ಅತಿಬಳಕೆಯಿಂದ ಅದನ್ನು ಕರಗಿಸಿಬಿಡುವುದೂ ಉಂಟು. ಪದವು ನಿಪುಣನನ್ನು ಹೇಳುತ್ತಿರುವವರೆಗೆ ದರ್ಭೆಯನ್ನು ನೆನೆಯುವ ಅಗತ್ಯವಿಲ್ಲ. ಅದು ನಿಪುಣನನ್ನೂ ಹೇಳದೆ ಅನಿಪುಣನನ್ನೂ ಹೇಳದೆ ಬರಿಯ ಧ್ವನಿಯಾಗಿ ಉಳಿದಾಗ, ಕೈ ಕೊಯ್ದುಕೊಳ್ಳದಂತೆ ದರ್ಭೆಯನ್ನು ತರುವುದು ಎಷ್ಟು ಎಚ್ಚರದ ಕೆಲಸವೆಂಬುದನ್ನು ನೆನಪಿಗೆ ತಂದುಕೊಳ್ಳುವುದು ತಪ್ಪಾಗಲಾರದು. ಮೂಲಾರ್ಥವನ್ನು ನಾನು ಸಾಕ್ಷಿಯಾಗಿ ಕರೆಯುತ್ತಿದ್ದೇನೆ, ತೀರ್ಪುಗಾರನಾಗಿ ಅಲ್ಲ.

ಈ ಸಾಕ್ಷಿಯು ನುಡಿಯುವುದೇನು? ಪೂರ್ಣತೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಮೂರು ಮಾತುಗಳಿವೆ: ಆದ್ಯಂತ, ಆಮೂಲಾಗ್ರ, ಕೂಲಂಕಷ. ಕೋಶಗಳಲ್ಲಿ ಇವು ಒಂದಕ್ಕೊಂದು ಪರ್ಯಾಯವಾಗಿ ನಿಲ್ಲುವುದುಂಟು. ಆದರೆ ಆದ್ಯಂತವೆಂಬುದು ಮೊದಲಿನಿಂದ ಕೊನೆಯವರೆಗೆ, ಎಂದರೆ ಉದ್ದದ ಅಳತೆ. ಆಮೂಲಾಗ್ರವೆಂಬುದು ಬೇರಿನಿಂದ ತುದಿಯವರೆಗೆ, ಎಂದರೆ ಎತ್ತರದ ಅಳತೆ. ಕೂಲಂಕಷವು ಈ ದಡದಿಂದ ಆ ದಡಕ್ಕೆ, ಎಂದರೆ ಅಗಲದ ಅಳತೆ. ಬೇಸಗೆಯಲ್ಲಿ ನಮ್ಮ ಬಯಲುಸೀಮೆಯ ಹೊಳೆಗಳನ್ನು ನೋಡಿದವರಿಗೆ ಈ ಭೇದವು ಸುಲಭವಾಗಿ ಹೊಳೆಯುತ್ತದೆ. ಮರಳಿನ ಹಾಸಿನ ನಡುವೆ ಎಲ್ಲಿಯೋ ಒಂದು ಎಳೆಯಾಗಿ ಹರಿಯುವ ನೀರು, ಮೂಲದಿಂದ ಸಂಗಮದವರೆಗಿನ ದಾರಿಯನ್ನು ಕ್ರಮಿಸುತ್ತದೆ ನಿಜ. ಆ ದಾರಿಯುದ್ದಕ್ಕೂ ಎಡದ ದಡವನ್ನಾಗಲಿ ಬಲದ ದಡವನ್ನಾಗಲಿ ಅದು ಸೋಕುವುದಿಲ್ಲ. ಕಡತವೊಂದನ್ನು ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ, ಒಂದು ಸಾಲನ್ನೂ ಬಿಡದೆ, ಓದಿ ಮುಗಿಸಿದ ಅಧಿಕಾರಿಯು ಅದನ್ನು ಆದ್ಯಂತವಾಗಿ ಓದಿದ್ದಾನೆ. ಅಷ್ಟರಿಂದಲೇ ಅದು ಕೂಲಂಕಷವಾಗಿ ಪರಿಶೀಲಿತವಾಯಿತೆಂದು ಹೇಳಲಾಗದು. ನದಿಯು ಕೂಲಂಕಷೆಯಾಗುವುದು ಅದು ತುಂಬಿ ಹರಿದಾಗ ಮಾತ್ರ. ಪರಿಶೀಲಕನ ವಿಷಯದಲ್ಲಿ ತುಂಬಿ ಹರಿಯುವುದೆಂದರೆ, ತಾನು ಹಿಂದೆ ತಿಳಿದಿರುವುದನ್ನೆಲ್ಲ, ತನ್ನ ಸಂಶಯಗಳನ್ನೆಲ್ಲ, ತನ್ನೊಡನೆ ಕರೆದುಕೊಂಡು ವಿಷಯದೊಳಕ್ಕೆ ಬರುವುದು; ಖಾಲಿಯಾದ ಬುದ್ಧಿಯಿಂದ ಅಚ್ಚಿನ ಸಾಲುಗಳ ಮೇಲೆ ಕಣ್ಣಾಡಿಸುವವನಿಗೆ ದಡವು ಎಟಕುವುದೇ ಇಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸದೆ ಸಿದ್ಧಾಂತಕ್ಕೆ ಹೋಗಕೂಡದೆಂದು ನಮ್ಮ ಮೀಮಾಂಸಕರು ಕಟ್ಟಳೆಯನ್ನು ಮಾಡಿಕೊಂಡದ್ದೂ ಎರಡು ದಡಗಳ ಅಗತ್ಯವನ್ನು ಕಂಡೇ ಇರಬೇಕು.

ಎರಡು ದಡಗಳೆಂದರೆ ವಾದಿ ಪ್ರತಿವಾದಿಗಳಷ್ಟೇ ಎಂದು ತಿಳಿದರೆ ಅರ್ಧವನ್ನು ತಿಳಿದಂತಾಯಿತು. ಉಳಿದ ಅರ್ಧವನ್ನು ತಿಳಿಯಲು, ಈ ಪದವನ್ನೇ ಪಾತ್ರವೊಂದರ ಬಾಯಲ್ಲಿ ಇಟ್ಟಿರುವ ಒಂದು ಪ್ರಸಿದ್ಧವಾದ ಸನ್ನಿವೇಶಕ್ಕೆ ಹೋಗಬೇಕು. ಬಸವಪ್ಪ ಶಾಸ್ತ್ರಿಗಳ ಭಾಷಾಂತರದ ಮೂಲಕ ಕನ್ನಡಿಗರಿಗೂ ಆತ್ಮೀಯವಾದ ಕಾಳಿದಾಸನ ಶಾಕುಂತಲದ ಐದನೆಯ ಅಂಕವು, ಬೇರೆ ಏನೇ ಆಗಿರಲಿ, ಒಂದು ವಿಚಾರಣೆ. ಗೌತಮಿ, ಶಾರ್ಙ್ಗರವ, ಶಾರದ್ವತರೊಡನೆ ಗರ್ಭಿಣಿಯಾದ ಶಕುಂತಲೆಯು ದುಷ್ಯಂತನೆದುರಿಗೆ ನಿಂತಿದ್ದಾಳೆ. ದುರ್ವಾಸನ ಶಾಪದಿಂದ ಅವನಿಗೆ ಮದುವೆಯ ನೆನಪಿಲ್ಲ. ಆಶ್ರಮದಲ್ಲಿ ನಂಬಿಸಿ ಈಗ ತಿರಸ್ಕರಿಸುವುದು ತಕ್ಕದ್ದೇ ಎಂದು ಅವಳು ಕೇಳುತ್ತಾಳೆ. ಅವನು ಕಿವಿಯನ್ನು ಮುಚ್ಚಿಕೊಂಡು, ದಡವನ್ನು ಕೊರೆಯುವ ಹೊಳೆಯನ್ನು ಅವಳಿಗೆ ಉಪಮಾನವಾಗಿ ತರುತ್ತಾನೆ. ಅಂತಹ ಹೊಳೆಗೆ ತಿಳಿನೀರನ್ನು ಕದಡುವುದೂ ದಡದ ಮರವನ್ನು ಕೆಡವುವುದೂ ಸ್ವಭಾವವಲ್ಲವೆ, ಅವಳೂ ತನ್ನ ವಂಶಕ್ಕೆ ಕಳಂಕವನ್ನು ತಂದು ಅವನನ್ನು ಉರುಳಿಸಹೊರಟಿದ್ದಾಳೆಂಬುದು ಅವನ ಆರೋಪ. ಅಲ್ಲಿ ಕವಿಯು ಹೊಳೆಗೆ ಇಟ್ಟ ವಿಶೇಷಣವೇ ‘ಕೂಲಂಕಷಾ’.

ನಾಟಕವನ್ನು ಓದುವಾಗ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಈ ಮಾತು ಹೊರಬಿದ್ದದ್ದು ಸಾಕ್ಷ್ಯವು ಒಂದೂ ಮುಂದೆ ಬಾರದಿದ್ದ ಸಮಯದಲ್ಲಿ. ಉಂಗುರವನ್ನು ತೋರಿಸುತ್ತೇನೆಂದು ಅವಳು ಹೇಳುವುದು ಇದಾದ ಮೇಲೆ. ಬೆರಳು ಬರಿದಾಗಿರುವುದು ತಿಳಿಯುವುದು ಇದಾದ ಮೇಲೆ. ಶಚೀತೀರ್ಥದ ನೀರಿನಲ್ಲಿ ಅದು ಜಾರಿ ಬಿದ್ದಿರಬೇಕೆಂದು ಗೌತಮಿಯು ನುಡಿಯುವುದು, ದೀರ್ಘಾಪಾಂಗನೆಂಬ ಜಿಂಕೆಯ ಮರಿಯು ಅವನ ಕೈಯಿಂದ ನೀರನ್ನು ಕುಡಿಯದೆ ಅವಳ ಕೈಯಿಂದ ಕುಡಿದ ಪ್ರಸಂಗವನ್ನು ಅವಳು ನೆನಪಿಸುವುದು, ಎಲ್ಲವೂ ಇದಾದ ಮೇಲೆ. ಬಂದ ಸಾಕ್ಷ್ಯಗಳನ್ನೆಲ್ಲ ದುಷ್ಯಂತನು ಕೇಳಿದನು. ಕೇಳಲಿಲ್ಲವೆಂದು ಅವನನ್ನು ದೂರುವಂತಿಲ್ಲ. ಆದರೆ ಪ್ರತಿಯೊಂದಕ್ಕೂ ಸ್ತ್ರೀಯರ ಚಾತುರ್ಯವೆಂಬ ಸಿದ್ಧವಾದ ಉತ್ತರವೊಂದು ಅವನಲ್ಲಿತ್ತು. ಅಂಕದ ಮೊದಲಲ್ಲಿ ಹಂಸಪದಿಕೆಯ ಹಾಡನ್ನು ಕೇಳಿ ತನಗೆ ಕಾರಣವಿಲ್ಲದ ಉತ್ಕಂಠೆಯುಂಟಾದುದನ್ನು ಅವನೇ ಗಮನಿಸಿದ್ದನು. ಅಗಲಿದ ಪ್ರಿಯಜನರು ಯಾರೂ ತನಗಿಲ್ಲದಿರುವಾಗ ಈ ವ್ಯಾಕುಲವೇಕೆಂದು ಆಶ್ಚರ್ಯಪಟ್ಟಿದ್ದನು. ವಿಚಾರಣೆಯ ಕಾಲದಲ್ಲಿ ಆ ಸಾಕ್ಷ್ಯವನ್ನು ಅವನು ಕರೆಯಲೇ ಇಲ್ಲ. ಎದುರಿಗೆ ನಿಂತವಳ ಮಾತಿನ ದಡವನ್ನು ಕೊರೆದು ಕೊರೆದು ನೋಡಿದವನು, ತನ್ನ ಚಿತ್ತದ ದಡವನ್ನು ಮುಟ್ಟದೆ ಹೋದನು.

ಶಾಪಗ್ರಸ್ತನಾದವನಲ್ಲಿ ಇಷ್ಟನ್ನೆಲ್ಲ ನಿರೀಕ್ಷಿಸಬಹುದೆ ಎಂದು ಕೇಳಬಹುದು. ಶಾಪವು ತೆಗೆದುಕೊಂಡದ್ದು ನೆನಪನ್ನು. ವಿವೇಚನೆಯನ್ನು ಅದು ಮುಟ್ಟಲಿಲ್ಲ. ಇದಕ್ಕೆ ಪ್ರಮಾಣ ನಾಟಕದಲ್ಲಿಯೇ ಇದೆ. ಶಕುಂತಲೆಯು ಕನಲಿದಾಗ ಆ ಕೋಪವು ಕೃತಕವಲ್ಲವೆಂದು ಅವನಿಗೆ ತೋರುತ್ತದೆ. ಕೊನೆಗೆ ಪುರೋಹಿತನ ಕಡೆಗೆ ತಿರುಗಿ, ತಾನು ಮೂಢನಾಗಿರುವೆನೋ ಇವಳು ಸುಳ್ಳಾಡುತ್ತಿರುವಳೋ ಎಂಬ ಸಂದೇಹವನ್ನು ಅವನೇ ಎತ್ತುತ್ತಾನೆ. ಆ ಅಂಕದಲ್ಲಿ ಅವನಾಡಿದ ಮಾತುಗಳಲ್ಲೆಲ್ಲ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಇದು. ಎರಡನೆಯ ದಡವು ಅವನ ಕಣ್ಣಿಗೆ ಬಿದ್ದಿತು. ಆದರೆ ಅದು ಬಿದ್ದದ್ದು ನಿಂದೆಯೆಲ್ಲವೂ ಆಡಿ ಮುಗಿದ ಮೇಲೆ, ಶಾರ್ಙ್ಗರವನು ಮುನಿದು, ಅವಳಿಗೆ ನಿಲ್ಲಲು ನೆಲವಿಲ್ಲದಂತಾದ ಮೇಲೆ. ಯಾವ ಸಂದೇಹದಿಂದ ವಿಚಾರಣೆಯು ಆರಂಭವಾಗಬೇಕಾಗಿತ್ತೋ ಅದರಿಂದ ಅದು ಮುಗಿಯಿತು.

ಇದಕ್ಕೆ ಎದುರಾಗಿ, ಮುಂದಿನ ಅಂಕದ ಪ್ರವೇಶಕದಲ್ಲಿಯೇ, ಕಾಳಿದಾಸನು ಇನ್ನೊಂದು ವಿಚಾರಣೆಯನ್ನು ಇಟ್ಟಿದ್ದಾನೆ. ರಾಜನಾಮಾಂಕಿತವಾದ ಉಂಗುರವನ್ನು ಮಾರಲು ಬಂದ ಬೆಸ್ತನೊಬ್ಬನನ್ನು ಇಬ್ಬರು ಕಾವಲುಗಾರರು ಹಿಡಿದು ಬಡಿಯುತ್ತಿದ್ದಾರೆ. ಅವನನ್ನು ಕೊಲ್ಲುವ ಉತ್ಸಾಹದಿಂದ ಅವರ ಕೈಗಳು ತುರಿಸುತ್ತಿವೆ. ಅವರ ಮೇಲಧಿಕಾರಿಯಾದ ರಾಜಶ್ಯಾಲನು ದೊಡ್ಡ ಮನುಷ್ಯನೇನೂ ಅಲ್ಲ. ಬೆಸ್ತನ ಕಸುಬನ್ನು ಹಾಸ್ಯಮಾಡುವ ಅಲ್ಪತನವೂ ಅವನಲ್ಲಿದೆ. ಆದರೂ ಅವನು ನಡುವೆ ಬಾಯಿಹಾಕುತ್ತಿದ್ದ ಕಾವಲುಗಾರನನ್ನು ತಡೆದು, ಇವನು ಎಲ್ಲವನ್ನೂ ಕ್ರಮವಾಗಿ ಹೇಳಲೆಂದು ಅವಕಾಶ ಮಾಡಿಕೊಡುತ್ತಾನೆ. ಶಕ್ರಾವತಾರದ ಬೆಸ್ತನು, ರೋಹಿತವೆಂಬ ಮೀನನ್ನು ಸೀಳಿದಾಗ ಅದರ ಹೊಟ್ಟೆಯೊಳಗೆ ಉಂಗುರವು ದೊರೆತುದನ್ನು ಹೇಳುತ್ತಾನೆ. ಅಧಿಕಾರಿಯು ಅವನ ಮೈಯ ಹಸಿಮಾಂಸದ ನಾತದಿಂದ ಅವನು ಬೆಸ್ತನೆಂಬುದನ್ನು ಗೊತ್ತುಮಾಡಿಕೊಂಡು, ಉಂಗುರವು ಸಿಕ್ಕ ಬಗೆಯನ್ನು ಮಾತ್ರ ವಿಮರ್ಶಿಸಬೇಕಾಗಿದೆಯೆಂದು ಹೇಳಿ ಅರಮನೆಗೆ ಹೋಗುತ್ತಾನೆ. ಅವನು ಪ್ರಾಕೃತದಲ್ಲಿ ಆಡುವ ಕ್ರಿಯಾಪದವು ನಮ್ಮ ವಿಮರ್ಶೆಯ ಧಾತುವಿನದೇ. ಸಿದ್ಧವಾದುದು ಇಷ್ಟು, ಸಿದ್ಧವಾಗಬೇಕಾದುದು ಇಷ್ಟು ಎಂದು ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡ ಈ ಸಾಮಾನ್ಯ ಅಧಿಕಾರಿಯಿಂದ, ಚಕ್ರವರ್ತಿಯು ಹದಗೆಡಿಸಿದ ವಿಚಾರಣೆಗೆ ಬೇಕಾಗಿದ್ದ ಸಾಕ್ಷ್ಯವು ಅರಮನೆಯನ್ನು ಸೇರಿತು. ಆಮೇಲೆ ಬೆಸ್ತನಿಗೆ ಬಹುಮಾನ ದೊರೆತು, ಅದರಲ್ಲಿ ಅರ್ಧ ಕಾವಲುಗಾರರ ಪಾಲಾಗಿ, ಎಲ್ಲರೂ ಹೆಂಡದಂಗಡಿಗೆ ಹೋದರೆಂಬುದು ಬೇರೆ ಮಾತು. ಕೂಲಂಕಷವೆಂಬ ಪದವನ್ನು ಬಲ್ಲವನು ದೊರೆ. ಅದರ ಕೆಲಸವನ್ನು ಬಲ್ಲವನು ಆ ಶ್ಯಾಲ. ಪದಜ್ಞಾನವು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ನಾಟಕದ ಉದಾಹರಣೆ ಸಾಲದೆನ್ನುವವರು ನಮ್ಮ ಸಾಹಿತ್ಯಚರಿತ್ರೆಯ ಒಂದು ಚರ್ಚೆಯನ್ನು ನೋಡಬಹುದು. ಸುಮಾರು 850ರ ವೇಳೆಗೆ ಹುಟ್ಟಿದ ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿ ಪ್ರಕಟಿಸಿದಾಗ, ಅದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕೃತಿಯೆಂದು ಪ್ರಸಿದ್ಧವಾಯಿತು. ಗ್ರಂಥದ ಮೂರು ಪರಿಚ್ಛೇದಗಳನ್ನು ಆದ್ಯಂತವಾಗಿ ಓದಿದವರಿಗೆ ಕೊರತೆಯಿರಲಿಲ್ಲ. ಆದರೆ ಸಮಾಪ್ತಿವಾಕ್ಯಗಳು ಗ್ರಂಥವನ್ನು ನೃಪತುಂಗದೇವನಿಂದ ರಚಿತವಾದುದೆನ್ನದೆ ಅವನಿಗೆ ಅನುಮತವಾದುದೆನ್ನುತ್ತವೆಯಲ್ಲ, ಅನುಮತಿಯನ್ನು ಕೊಡುವವನೂ ಬರೆಯುವವನೂ ಒಬ್ಬನೇ ಆಗಿರುವನೆ, ಎಂದು ಒಂದೇ ಒಂದು ಪದದ ಮೇಲೆ ಕೆಲವರು ತಮ್ಮ ಬುದ್ಧಿಯನ್ನು ತೀಡಿದರು. ಅಲ್ಲಿಂದ ವಿಷಯವು ಬೇರೆ ದಾರಿಯನ್ನು ಹಿಡಿಯಿತು. ಗ್ರಂಥದೊಳಗೆ ಬರುವ ಶ್ರೀವಿಜಯನ ಹೆಸರು ಒಂದು ಕಡೆಯ ಆಧಾರವಾದರೆ, ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ಕವಿಮಾರ್ಗವನ್ನು ಹೊಗಳಿರುವುದು ಹೊರಗಿನಿಂದ ದೊರೆತ ಆಧಾರವಾಯಿತು. ಹಾಗೆಂದು ತೊಡಕು ಇಲ್ಲದಿಲ್ಲ: ಕನ್ನಡದ ಪ್ರಾಚೀನ ಪದ್ಯಕವಿಗಳನ್ನು ಎಣಿಸುವಾಗಲೂ ಕವಿರಾಜಮಾರ್ಗವು ಶ್ರೀವಿಜಯನ ಹೆಸರನ್ನು ಹೇಳುತ್ತದೆ, ಗ್ರಂಥಕರ್ತನು ತನ್ನನ್ನೇ ಹಿಂದಿನವರ ಸಾಲಿನಲ್ಲಿ ಸೇರಿಸಿಕೊಂಡ ಬಗೆ ಹೇಗೆ? ಈ ತೊಡಕನ್ನು ಬಿಡಿಸಲು ವಿದ್ವಾಂಸರು ಹಲವು ಬಗೆಯಲ್ಲಿ ಶ್ರಮಿಸಿದ್ದಾರೆ. ಶ್ರೀವಿಜಯನೇ ಕರ್ತೃವೆಂಬ ಪಕ್ಷವು ಈಗ ಬಲವಾಗಿದೆ. ನನಗೂ ಅದೇ ಸಮಂಜಸವೆಂದು ತೋರುತ್ತದೆ. ಇಲ್ಲಿ ಮುಖ್ಯವಾದುದು ನಿರ್ಣಯಕ್ಕಿಂತ ಹೆಚ್ಚಾಗಿ ಅದನ್ನು ಮುಟ್ಟಿದ ರೀತಿ. ತಮ್ಮ ಪಕ್ಷಕ್ಕೆ ಅನುಕೂಲವಾದ ‘ಅನುಮತ’ವನ್ನು ಎತ್ತಿ ಹಿಡಿದವರು, ಪ್ರತಿಕೂಲವಾದ ಕವಿಗಳ ಪಟ್ಟಿಯನ್ನು ಮರೆಮಾಡಲಿಲ್ಲ. ಅದನ್ನು ತಾವೇ ಓದುಗನ ಮುಂದಿಟ್ಟು, ಅದಕ್ಕೆ ಸಮಾಧಾನವನ್ನು ಹುಡುಕಿದರು.

ತೀಡುವುದಕ್ಕೆ ಮಿತಿಯುಂಟೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಾಶಿಕಾಕಾರರು ಸರ್ವಂಕಷತ್ವವನ್ನು ಖಲನಿಗೆ ಕೊಟ್ಟದ್ದು ಅಕಾರಣವಾಗಿರಲಾರದು. ಇಂದು ಸೂಕ್ಷ್ಮಪರಿಶೀಲನೆಯೆಂಬ ಹೆಸರಿನಲ್ಲಿ, ಕಾವ್ಯದ ವಿಷಯವನ್ನು ಎತ್ತಿಕೊಂಡವರು ಕವಿಯ ಊಟ ಉಡುಪುಗಳನ್ನೂ, ಒಂದು ಆಡಳಿತದ ತಪ್ಪನ್ನು ಹುಡುಕಹೊರಟವರು ಅಧಿಕಾರಿಯ ಜಾತಿಯನ್ನೂ ಮನೆಯ ಹೆಣ್ಣುಮಕ್ಕಳನ್ನೂ ಕೆದಕುವುದನ್ನು ಕಾಣುತ್ತೇವೆ. ಇದು ಹೆಚ್ಚು ಕೂಲಂಕಷವಾದ ಪರಿಶೀಲನೆಯೆಂದು ಅವರು ಭಾವಿಸುತ್ತಾರೆ. ದಡವನ್ನು ತೀಡುವ ನದಿಗೂ ದಡವನ್ನು ಮೀರಿ ಊರಿನೊಳಕ್ಕೆ ನುಗ್ಗುವ ನೆರೆಗೂ ಇರುವ ಭೇದವನ್ನು ಅವರು ಅರಿಯರು. ಮಾಘನ ಶಿಶುಪಾಲವಧಕ್ಕೆ ತಾನು ಬರೆದ ವ್ಯಾಖ್ಯಾನಕ್ಕೆ ಕೋಲಾಚಲ ಮಲ್ಲಿನಾಥಸೂರಿಯು ‘ಸರ್ವಂಕಷಾ’ ಎಂದು ಹೆಸರಿಟ್ಟನೆಂಬುದು ನಿಜ. ಶಬ್ದಗಳ ಕಾಡಿನಂತಿರುವ ಆ ಮಹಾಕಾವ್ಯದ ಒಂದು ಪದವನ್ನೂ ಬಿಡೆನೆಂಬ ಧೈರ್ಯದಿಂದ ಅವನು ಆ ಹೆಸರನ್ನು ಆರಿಸಿಕೊಂಡಿರಬೇಕು. ಆದರೆ ಅದೇ ಮಲ್ಲಿನಾಥನು ರಘುವಂಶದ ವ್ಯಾಖ್ಯಾನವನ್ನು ಆರಂಭಿಸುವಾಗ, ಮೂಲದ ಆಧಾರವಿಲ್ಲದುದನ್ನು ಬರೆಯೆನೆಂದೂ ಅಪೇಕ್ಷಿತವಲ್ಲದುದನ್ನು ಹೇಳೆನೆಂದೂ ಎರಡು ಪ್ರತಿಜ್ಞೆಗಳನ್ನು ಮಾಡಿಕೊಂಡಿದ್ದಾನೆ. ಹೆಸರಿನಲ್ಲಿ ಸರ್ವವನ್ನೂ ತೀಡಿದವನು ಕೆಲಸದಲ್ಲಿ ಎರಡು ದಡಗಳನ್ನು ಹಾಕಿಕೊಂಡೇ ಹರಿದನು. ಅವನ ವ್ಯಾಖ್ಯಾನಗಳು ಇಂದಿಗೂ ಪಾಠಶಾಲೆಗಳಲ್ಲಿ ಮೂಲದ ಜೊತೆಯಲ್ಲಿಯೇ ಓದಲ್ಪಡುತ್ತಿರುವುದಕ್ಕೆ ಪಾಂಡಿತ್ಯವೊಂದೇ ಕಾರಣವೆಂದು ನಾನು ನಂಬಲಾರೆ.

ಆದುದರಿಂದ ಕನ್ನಡದ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಈ ಪದವನ್ನು ಕಲಿಸುವಾಗ ‘ಸಂಪೂರ್ಣ’ವೆಂಬ ಅರ್ಥವನ್ನು ಬರೆಯಿಸಿ ನಿಲ್ಲಿಸದೆ, ಶಾಕುಂತಲದ ಈ ಎರಡು ವಿಚಾರಣೆಗಳನ್ನು ಕಥೆಯಾಗಿ ಹೇಳಿ, ಯಾವುದು ಕೂಲಂಕಷವಾಗಿತ್ತು, ಏಕೆ ಎಂದು ಮಕ್ಕಳನ್ನು ಕೇಳಲಿ, ಅವರಲ್ಲಿ ಕೆಲವರು ದೊರೆಯ ಪಕ್ಷವನ್ನು ವಹಿಸಿ ವಾದಿಸಿದರೆ ಇನ್ನೂ ಒಳ್ಳೆಯದು. ಸ್ವಂತ ವಾಕ್ಯವನ್ನು ಬರೆಯುವ ಅಭ್ಯಾಸವು ಅದರ ಮೇಲೆ ಬರಲಿ. ಕಛೇರಿಗಳಲ್ಲಿ ಕುಳಿತು ಬರೆಯುವವರಿಗೆ ಕಥೆಯ ಅಗತ್ಯವಿಲ್ಲ, ಒಂದು ನಿಯಮವು ಸಾಕು. ಕೂಲಂಕಷವಾಗಿ ಪರಿಶೀಲಿಸಲಾಯಿತೆಂದು ಬರೆದ ಕಡೆಯಲ್ಲೆಲ್ಲ, ಯಾವ ಯಾವ ಕಾಗದಗಳನ್ನು ನೋಡಲಾಯಿತು, ಯಾರ ಯಾರ ಹೇಳಿಕೆಗಳನ್ನು ಕೇಳಲಾಯಿತು, ನಿರ್ಣಯಕ್ಕೆ ವಿರುದ್ಧವಾಗಿ ದೊರೆತ ಆಧಾರವೇನು ಎಂಬುದನ್ನು ಅದರ ಕೆಳಗೆ ಕಾಣಿಸಲಿ. ಇಷ್ಟೂ ನಡೆದಿಲ್ಲವಾದರೆ ‘ಓದಿ ನೋಡಲಾಯಿತು’ ಎಂದಷ್ಟೇ ಬರೆಯಲಿ. ಅದರಿಂದ ಅರ್ಜಿದಾರನಿಗೆ, ತಾನು ಇನ್ನೂ ಯಾರ ಬಳಿಗೆ ಹೋಗಿ ಏನನ್ನು ತೋರಿಸಬೇಕಾಗಿದೆ ಎಂಬುದಾದರೂ ತಿಳಿಯುತ್ತದೆ.